ನಮ್ಮ ಬಿಸಿಲಿಗೆ, ನಮ್ಮ ಮಳೆಗೆ ಯಾವ ಮರದ ನೆಲ? ವುಡನ್ ಫ್ಲೋರಿಂಗ್ ಆರಿಸೋಕೆ ಸಮಗ್ರ ಮಾರ್ಗದರ್ಶಿ

ಮನೆ ಕಟ್ಸೋರು, ಫ್ಲಾಟ್ ತಗೊಂಡು ಇಂಟೀರಿಯರ್ ಮಾಡ್ಸೋರು ಮರದ ನೆಲ ಬೇಕು ಅಂತ ಶೋರೂಮಿಗೆ ಹೋದ್ರೆ ಮೊದಲು ನೋಡೋದು ಕಲರ್, ಆಮೇಲೆ ಕೇಳೋದು ಸ್ಕ್ವೇರ್ ಫೀಟಿಗೆ ಎಷ್ಟು ಅಂತ. ಇವೆರಡನ್ನೂ ಕೊನೆಗೆ ಇಟ್ಕೊಳ್ಳಿ. ಮೊದಲು ಕೇಳ್ಕೋಬೇಕಾದ ಪ್ರಶ್ನೆ ಎರಡೇ: ಆ ರೂಮಿನ ನೆಲಕ್ಕೆ ನೀರು ಎಲ್ಲೆಲ್ಲಿಂದ ಬರಬಹುದು, ಅಲ್ಲಿನ ಗಾಳಿಯಲ್ಲಿರೋ ತೇವ ವರ್ಷದಲ್ಲಿ ಎಷ್ಟು ಏರಿಳಿಯತ್ತೆ. ಇವಕ್ಕೆ ಉತ್ತರ ಸಿಕ್ಕಿದ್ರೆ ಮುಕ್ಕಾಲು ಆಯ್ಕೆ ಅಲ್ಲಿಗೇ ಮುಗೀತು, ಉಳಿದ ಕಾಲು ಭಾಗಕ್ಕೆ ಕಲರ್ರು, ಬಜೆಟ್ಟು ಎಲ್ಲಾ ನೋಡ್ಕೋಬಹುದು.

ಮಲೆನಾಡು, ಕರಾವಳಿ ಕಡೆಯ ಹಳೇ ಮನೆಗಳನ್ನ ಒಂದ್ಸಲ ನೆನಪಿಸ್ಕೊಳ್ಳಿ. ಅವರಿಗೆ ಮರಕ್ಕೇನು ಬರ ಇರ್ಲಿಲ್ಲ, ಕಂಬ ಮರದ್ದು, ತೊಲೆ ಮರದ್ದು, ಮುಚ್ಚಿಗೆ ಮರದ್ದು, ಉಪ್ಪರಿಗೆ ನೆಲವೂ ಹಲಗೆನೇ. ಆದ್ರೆ ಕೆಳಗಿನ ನೆಲಕ್ಕೆ ಮಾತ್ರ ಮರ ಹಾಕ್ತಿರ್ಲಿಲ್ಲ, ಅಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲ, ಇಲ್ಲಾ ರೆಡ್ ಆಕ್ಸೈಡ್, ಇಲ್ಲಾ ಕಡಪ ಕಲ್ಲು. ಉಪ್ಪರಿಗೆ ಹಲಗೆಗೆ ಮೇಲೂ ಗಾಳಿ ಕೆಳಗೂ ಗಾಳಿ, ನೆನೆದ್ರೂ ಎರಡೂ ಕಡೆಯಿಂದ ಒಣಗತ್ತೆ, ಗೆದ್ದಲು ಹತ್ತಿದ್ರೂ ಕಣ್ಣಿಗೆ ಕಾಣತ್ತೆ. ನೆಲಕ್ಕೆ ಅಂಟಿದ ಹಲಗೆಗೆ ಆ ಅನುಕೂಲ ಯಾವುದೂ ಇಲ್ಲ. ಆ ಲೆಕ್ಕಾಚಾರ ಇವತ್ತಿಗೂ ಸರಿಯಾಗೇ ಇದೆ, ಕೆಳಗೆ ನಾನು ಬರೆಯೋದೆಲ್ಲಾ ಅದರ ಮೇಲೇ ನಿಂತಿದೆ.

ಹೆಜ್ಜೆ 1: ನಿಮ್ಮೂರಿನ ಗಾಳಿ ಎಂಥದು ಅಂತ ತಿಳ್ಕೊಳ್ಳಿ

ಮರ ಕಡಿದು ಎಷ್ಟು ವರ್ಷ ಆಗಿದ್ರೂ ಸುತ್ತಲಿನ ಗಾಳಿಯಿಂದ ತೇವ ಹೀರ್ಕೊಳ್ಳೋದು, ಬಿಡೋದು ನಿಲ್ಸಲ್ಲ. ಗಾಳಿಯ ತೇವಾಂಶ ಅಂದ್ರೆ ಹ್ಯುಮಿಡಿಟಿ 35 ಪರ್ಸೆಂಟ್ ಇದ್ರೆ ಮರದೊಳಗಿನ ತೇವ ಸುಮಾರು 6-7 ಪರ್ಸೆಂಟಿಗೆ ಬಂದು ನಿಲ್ಲತ್ತೆ, ಹ್ಯುಮಿಡಿಟಿ 80ಕ್ಕೆ ಹೋದ್ರೆ ಮರದ ತೇವ 15-16ಕ್ಕೆ ಏರತ್ತೆ. ತೇವ ಏರಿದ ಹಾಗೆ ಹಲಗೆ ಅಗಲಕ್ಕೆ ಉಬ್ಬತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗಲ್ಲ.

ಕಮ್ಮಿ ಅಲ್ಲಾಡೋ ಮರಗಳಲ್ಲಿ ತೇಗವೂ ಒಂದು. ಅದನ್ನೇ ಲೆಕ್ಕ ಹಾಕೋಣ. 4 ಇಂಚು ಅಂದ್ರೆ ಸುಮಾರು 100 ಎಂಎಂ ಅಗಲದ ತೇಗದ ಹಲಗೆ, ತೇವ 8 ಪರ್ಸೆಂಟಿಂದ 15ಕ್ಕೆ ಹೋದ್ರೆ ಹತ್ತಿರ ಹತ್ತಿರ 1.3 ಎಂಎಂ ಅಗಲ ಆಗತ್ತೆ. ಕೇಳೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ 10 ಅಡಿ ರೂಮಲ್ಲಿ ಅಂಥ ಹಲಗೆ 30 ಕೂರತ್ವೆ, ತಡೆಯೋರಿಲ್ಲದಿದ್ರೆ ಎಲ್ಲಾ ಸೇರಿ 39 ಎಂಎಂ, ಅಂದ್ರೆ ಒಂದೂವರೆ ಇಂಚು. ಅಂಟು, ಮೊಳೆ ಎಲ್ಲಾ ಹಿಡ್ಕೊಳ್ಳೋದ್ರಿಂದ ನಿಜದಲ್ಲಿ ಅಷ್ಟು ಕಾಣಲ್ಲ, ಆದ್ರೆ ಆ ಒತ್ತಡ ಎಲ್ಲಾದ್ರೂ ಹೋಗ್ಲೇಬೇಕಲ್ವಾ, ಮಳೆಗಾಲದಲ್ಲಿ ನೆಲ ಮಧ್ಯಕ್ಕೆ ಎದ್ದು ನಿಲ್ಲೋದು, ಬೇಸಿಗೆಯಲ್ಲಿ ಹಲಗೆ ಹಲಗೆ ನಡುವೆ ಸಂದು ಬಿಡೋದು ಇದೇ ಕಾರಣಕ್ಕೆ.

ಈಗ ಊರುಗಳನ್ನ ನೋಡಿ. ಮಂಗಳೂರು, ಉಡುಪಿ, ಕಾರವಾರ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ, ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆನೇ ಒಣಗಲ್ಲ, ಚಪ್ಪಲಿ ಬೆಲ್ಟಿಗೆಲ್ಲ ಬೂಷ್ಟು ಹಿಡಿಯತ್ತೆ. ಅಲ್ಲಿ ಗಟ್ಟಿ ಮರದ ಹಲಗೆ, ಅಂದ್ರೆ ಪೂರ್ತಿ ಒಂದೇ ಮರದಿಂದ ಕೊಯ್ದ ಸಾಲಿಡ್ ವುಡ್, ನೆಲಕ್ಕೆ ಹಾಕ್ಸೋದಾದ್ರೆ ತುಂಬಾ ಯೋಚನೆ ಮಾಡ್ಬೇಕು. ಮಡಿಕೇರಿ, ಸಕಲೇಶಪುರ, ತೀರ್ಥಹಳ್ಳಿ ಕಡೆನೂ ಮಳೆಗಾಲ ಹಂಗೇ, ಜೊತೆಗೆ ಚಳಿ. ಕಲಬುರಗಿ, ರಾಯಚೂರು, ಬಳ್ಳಾರಿ ಪೂರ್ತಿ ಉಲ್ಟಾ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದ ಒಣ ಬಿಸಿಲು, ಅಲ್ಲಿ ಸಮಸ್ಯೆ ಉಬ್ಬೋದಲ್ಲ, ಒಣಗಿ ಬಿರುಕು ಬಿಡೋದು. ಬೆಂಗಳೂರು, ಮೈಸೂರು ನಡುವಿನವು, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರೋದ್ರಿಂದ ಬಿಸಿಲೂ ಅತಿ ಅಲ್ಲ, ತೇವವೂ ಕರಾವಳಿಯಷ್ಟಿಲ್ಲ, ಮರದ ನೆಲಕ್ಕೆ ರಾಜ್ಯದಲ್ಲಿ ಹೆಚ್ಚು ಒಗ್ಗೋ ಜಾಗ ಅಂದ್ರೆ ಇದೇ ಭಾಗ. ಸರ್ಕಾರದ ಸ್ಟ್ಯಾಂಡರ್ಡ್ ಐಎಸ್ 287 ಕೂಡ ದೇಶವನ್ನ ತೇವದ ಪ್ರಕಾರ ನಾಲ್ಕು ವಲಯ ಮಾಡಿ ಎಲ್ಲೆಲ್ಲಿ ಮರ ಎಷ್ಟು ಒಣಗಿರ್ಬೇಕು ಅಂತ ಹೇಳತ್ತೆ, ಒಂದೇ ಅಳತೆ ಎಲ್ಲಾ ಊರಿಗೂ ಆಗಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಊರಿನ ಲೆಕ್ಕ ಅಷ್ಟೇ ಸಾಲದು, ನಿಮ್ಮ ರೂಮಿನ ಲೆಕ್ಕ ಬೇಕು. ಗಾಳಿಯ ತೇವ ಅಳೆಯೋ ಡಿಜಿಟಲ್ ಹೈಗ್ರೋಮೀಟರ್ ಒಂದು ತಗೊಂಡು, ಅದೇನು ದುಬಾರಿ ಸಾಮಾನಲ್ಲ, ಫ್ಲೋರಿಂಗ್ ಬರೋ ರೂಮಲ್ಲಿ ಇಟ್ಟು ಬೇಸಿಗೆಯಲ್ಲೊಂದಿಷ್ಟು ದಿನ ಮಳೆಗಾಲದಲ್ಲೊಂದಿಷ್ಟು ದಿನ ಓದಿ ಬರೆದಿಟ್ಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ಜಾಸ್ತಿ ಇದ್ದಷ್ಟೂ ಗಟ್ಟಿ ಮರದಿಂದ ದೂರ ಹೋಗಿ.

ಹೆಜ್ಜೆ 2: ನೆಲದ ಕೆಳಗೆ ಏನಿದೆ ನೋಡಿ

ಗ್ರೌಂಡ್ ಫ್ಲೋರ್ ಆದ್ರೆ ಮಣ್ಣಿನ ಪಸೆ ಕಾಂಕ್ರೀಟ್ ಮೂಲಕ ಮೇಲೆ ಬರತ್ತೆ. ಮಲೆನಾಡಲ್ಲಿ ಧರೆ ಕಡಿದು ಕಟ್ಟಿದ ಮನೆ ಆದ್ರಂತೂ ಹಿಂದಿನ ಗೋಡೆ ಮಳೆಗಾಲ ಪೂರ್ತಿ ನೀರು ಕುಡಿದು ನಿಂತಿರತ್ತೆ, ಆ ಗೋಡೆ ಪಕ್ಕದ ರೂಮಿಗೆ ಮರದ ವಿಚಾರನೇ ಬೇಡ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಶೀಟನ್ನ ಖಾಲಿ ಕಾಂಕ್ರೀಟ್ ನೆಲಕ್ಕೆ ಇಟ್ಟು ನಾಲ್ಕೂ ಅಂಚು ಗಾಳಿ ಹೋಗದ ಹಾಗೆ ಟೇಪ್ ಹಾಕಿ, ಒಂದು ದಿನ ಬಿಡಿ. ಮರುದಿನ ತೆಗೆದಾಗ ಶೀಟಿನ ಒಳಗಡೆ ಹನಿ ಕೂತಿದ್ರೆ, ಅಥವಾ ನೆಲದ ಬಣ್ಣ ಕಪ್ಪಗಾಗಿದ್ರೆ ಪಸೆ ಇದೆ ಅಂತ. ರೂಮಿನ ಒಂದೇ ಕಡೆ ಮಾಡಿ ಸುಮ್ಮನಾಗ್ಬೇಡಿ, ಮೂಲೆ, ಬಾತ್ರೂಮ್ ಗೋಡೆ ಪಕ್ಕ, ಹೊರಗೋಡೆ ಪಕ್ಕ ಎಲ್ಲಾ ಕಡೆ ಹಾಕಿ, ಸಾಧ್ಯ ಆದ್ರೆ ಮಳೆಗಾಲದಲ್ಲೇ ಮಾಡಿ, ಮಾರ್ಚಲ್ಲಿ ಮಾಡಿದ್ರೆ ಎಲ್ಲಾ ಒಣಗೇ ಕಾಣತ್ತೆ. ಹೊಸ ಕಾಂಕ್ರೀಟ್ ಆದ್ರೆ ಇಂಚು ದಪ್ಪಕ್ಕೆ ಒಂದು ತಿಂಗಳು ಒಣಗೋಕೆ ಬೇಕು ಅನ್ನೋದು ಒಂದು ಅಂದಾಜು, ನಾಲ್ಕಿಂಚು ಇದ್ರೆ ನಾಲ್ಕು ತಿಂಗಳು. ಗೃಹಪ್ರವೇಶದ ಡೇಟ್ ಹತ್ತಿರ ಬಂತು ಅಂತ ಹಸಿ ನೆಲದ ಮೇಲೆ ಲ್ಯಾಮಿನೇಟ್ (ಮೇಲೆ ಮರದ ಫೋಟೋ ಇರೋ ಒತ್ತಿದ ಹಲಗೆ) ಹಾಕ್ಸಿದ್ರೆ ಆ ನೀರೆಲ್ಲ ಹೋಗೋಕೆ ಬೇರೆ ದಾರಿ ಇಲ್ದೆ ಹಲಗೆಯೊಳಗೇ ಸೇರ್ಕೊಳ್ಳತ್ತೆ.

ಟಾಪ್ ಫ್ಲೋರ್ ಮನೆಯವರು ಟೆರೇಸ್ ಸೋರಿಕೆ ನೋಡ್ಕೊಳ್ಳಿ. ಅಪಾರ್ಟ್ಮೆಂಟ್ ಆದ್ರೆ ನೆಲದ ಪ್ಲಾಸ್ಟರೊಳಗೆ ನೀರಿನ ಪೈಪ್ ಹೋಗಿದ್ಯಾ, ಎಸಿ ಡ್ರೈನ್ ಪೈಪ್ ಎಲ್ಲಿ ಬೀಳತ್ತೆ ಅಂತ ಕೇಳಿ. ಬೆಡ್ರೂಮಿಗೆ ಅಂಟಿದ ಬಾತ್ರೂಮಿನ ಹೊಸಲು ಎತ್ತರ ಇಲ್ದೇ ಇದ್ರೆ ಮೊದಲು ಅಲ್ಲೊಂದು ಗ್ರಾನೈಟ್ ಪಟ್ಟಿ ಕೂರಿಸ್ಸಿ, ನೀರು ಅಲ್ಲೇ ನಿಲ್ಲಲಿ.

ಆಮೇಲೆ ಗೆದ್ದಲು, ಕರಾವಳಿ ಕಡೆ ಒರಲೆ ಅಂತೀವಲ್ಲ ಅದು. ಮನೆ ಇನ್ನೂ ಕಟ್ತಾ ಇದ್ರೆ ಪಾಯದ ಹಂತದಲ್ಲೇ ಆಂಟಿ-ಟರ್ಮೈಟ್ ಟ್ರೀಟ್ಮೆಂಟ್ ಮಾಡ್ಸಿ, ಇದಕ್ಕೆ ಐಎಸ್ 6313 ಅನ್ನೋ ಸ್ಟ್ಯಾಂಡರ್ಡ್ ಇದೆ, ಕಟ್ಟಿದ ಮನೆಗೂ ಅದರಲ್ಲೇ ಬೇರೆ ಭಾಗ ಇದೆ. ಲ್ಯಾಮಿನೇಟ್ ಪ್ಲಾಸ್ಟಿಕ್ ಥರ ಕಾಣತ್ತೆ ಗೆದ್ದಲು ಹಿಡಿಯಲ್ಲ ಅಂದ್ಕೊಂಡೋರು ತುಂಬಾ ಜನ ಇದ್ದಾರೆ, ಆದ್ರೆ ಅದರ ಒಳಗಿರೋದು ಮರದ ನಾರನ್ನ ಒತ್ತಿ ಮಾಡಿದ ಹಲಗೆ, ಗೆದ್ದಲಿಗೆ ಅದೂ ಊಟನೇ.

ಹೆಜ್ಜೆ 3: ಬೇಸಿಗೆಗೆ ಮರ ತಂಪಾಗಿರತ್ತಾ?

ಈ ಪ್ರಶ್ನೆಗೆ ಶೋರೂಮಲ್ಲಿ ಹೌದು ಅಂತಾರೆ. ನಿಜ ಏನಂದ್ರೆ ಮರ ಶಾಖವನ್ನ ನಿಧಾನಕ್ಕೆ ಸಾಗಿಸತ್ತೆ. ಟೈಲ್ಸು, ಗ್ರಾನೈಟು ಬರಿಗಾಲಿನ ಶಾಖವನ್ನ ಬೇಗ ಎಳ್ಕೊಳ್ತವೆ, ಅದಕ್ಕೇ ಅವು ತಣ್ಣಗೆ ಅನ್ಸೋದು, ಮರ ಎಳ್ಕೊಳ್ಳಲ್ಲ, ಅದಕ್ಕೆ ಬೆಚ್ಚಗೆ ಅನ್ಸೋದು. ಹಂಗಾಗಿ ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ, ಬೆಂಗಳೂರಿನ ಡಿಸೆಂಬರಿಗೆ, ಮಂಡಿ ನೋವಿರೋ ಅಪ್ಪ-ಅಮ್ಮ ಬೆಳಗ್ಗೆ ಬರಿಗಾಲಲ್ಲಿ ಎದ್ದು ಓಡಾಡೋ ರೂಮಿಗೆ ಮರ ನಿಜವಾಗ್ಲೂ ಸುಖ. ಕಲಬುರಗಿ ಬೇಸಿಗೆಗೆ ಮಾತ್ರ ಆ ಸುಖ ಬೇಕಾಗಿಲ್ಲ, ಅಲ್ಲಿ ಮಧ್ಯಾಹ್ನ ನೆಲದ ಮೇಲೆ ಚಾಪೆನೂ ಇಲ್ದೆ ಮಲಗೋ ಅಭ್ಯಾಸಕ್ಕೆ ಪಕ್ಕದ ಶಹಾಬಾದ್ ಕಲ್ಲೇ ಸರಿ. ಆ ಭಾಗದವರು ಹಾಲ್ ಪೂರ್ತಿ ಕಲ್ಲೋ ಟೈಲ್ಸೋ ಹಾಕ್ಸಿ, ಮರದ ನೋಟ ಬೇಕೇಬೇಕು ಅಂದ್ರೆ ಎಸಿ ಇರೋ ಒಂದು ಬೆಡ್ರೂಮಿಗೆ ಇಟ್ಕೊಂಡ್ರೆ ಸಾಕು.

ಎಸಿ ಬಗ್ಗೆ ಒಂದು ಮಾತು. ಎಸಿ ಗಾಳಿ ಒಣಗಿಸತ್ತೆ, ಆಫ್ ಮಾಡಿ ಕಿಟಕಿ ತೆಗೆದ ಕೂಡ್ಲೇ ಹೊರಗಿನ ತೇವ ಒಳಗೆ ಬರತ್ತೆ. ಮಂಗಳೂರಲ್ಲಿ ರಾತ್ರಿ ಎಸಿ, ಹಗಲು ಕಿಟಕಿ ಅನ್ನೋ ಮನೆಗಳಲ್ಲಿ ಗಟ್ಟಿ ಮರಕ್ಕೆ ದಿನಾ ಈ ಎಳೆದಾಟ ಇರತ್ತೆ.

ಹೆಜ್ಜೆ 4: ಇರೋ ಆಯ್ಕೆಗಳನ್ನ ಒಳಗಿಂದ ನೋಡಿ

ಎಲ್ಲದಕ್ಕೂ ವುಡನ್ ಫ್ಲೋರಿಂಗ್ ಅಂತ ಒಂದೇ ಹೆಸರು ಹೇಳ್ತಾರೆ, ಆದ್ರೆ ಒಳಗೆ ಇರೋದು ಬೇರೆ ಬೇರೆ. ಶೋರೂಮಲ್ಲಿ ಸ್ಯಾಂಪಲ್ ಕೈಗೆ ಕೊಟ್ಟಾಗ ಮೇಲಿನ ಕಲರ್ ಬಿಟ್ಟು ತಿರುಗಿಸಿ ಅಡ್ಡ ಕತ್ತರಿಸಿದ ಅಂಚು ನೋಡಿ, ಪೂರ್ತಿ ಕಥೆ ಆ ಅಂಚಲ್ಲೇ ಇರತ್ತೆ.

ಗಟ್ಟಿ ಮರ. ತೇಗ ಅಂದ್ರೆ ಸಾಗುವಾನಿ ಇದರಲ್ಲಿ ಮೊದಲು, ಎಣ್ಣೆ ಅಂಶ ಇರೋದ್ರಿಂದ ನೀರು, ಹುಳ ಎರಡಕ್ಕೂ ತಡೀತದೆ, ಉಬ್ಬು-ಕುಗ್ಗು ಕಮ್ಮಿ. ಆದ್ರೆ ಈ ಗುಣ ಎಲ್ಲಾ ಇರೋದು ಒಳಗಿನ ಕಂದು ಬಣ್ಣದ ಚೇಗಿನಲ್ಲಿ ಮಾತ್ರ, ಹೊರಗಿನ ಬಿಳಿ ಭಾಗಕ್ಕೆ ಹುಳ ಬೇರೆ ಯಾವ ಮರಕ್ಕೆ ಹಿಡಿಯೋ ಹಾಗೆ ಹಿಡಿಯತ್ತೆ. ಆಫ್ರಿಕಾ, ದಕ್ಷಿಣ ಅಮೆರಿಕದಿಂದ ಬರೋ ಪ್ಲಾಂಟೇಶನ್ ತೇಗದಲ್ಲಿ ಬೇಗ ಬೆಳೆಸಿ ಬೇಗ ಕಡಿದದ್ದು ಇರತ್ತೆ, ಅದರಲ್ಲಿ ಬಿಳಿ ಜಾಸ್ತಿ, ಹಲಗೆ ಒಂದೊಂದೇ ತಿರುಗಿಸಿ ನೋಡಿ ತಗೊಳ್ಳಿ. ಹೊನ್ನೆ, ಮತ್ತಿ, ಹೆಬ್ಬಲಸು ನಮ್ಮ ಕಡೆ ಮೊದಲಿಂದ ಬಳಸಿದ ಮರಗಳು, ಗಟ್ಟಿನೂ ಹೌದು, ಆದ್ರೆ ಸರಿಯಾಗಿ ಒಣಗಿಸಿದ್ದು ಸಿಗೋದು ಕಷ್ಟ, ಮತ್ತಿ ಒಣಗುವಾಗ ಬಿರುಕು ಬಿಡೋದೂ ಇದೆ. ಸ್ವಂತ ತೋಟದ ಮರ ಇದೆ ಅಂತಾದ್ರೂ ತೇಗ, ಬೀಟೆ, ಹೊನ್ನೆಯಂಥದ್ದನ್ನ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಅನುಮತಿ ಬೇಕು, 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಪೇಪರ್ ಮೊದಲು ಮಾಡ್ಸಿ, ಕೊಯ್ಯೋದು ಆಮೇಲೆ.

ಗಟ್ಟಿ ಮರ ತಗೊಳ್ಳೋರು ಪಿನ್ ಇರೋ ಮಾಯಿಶ್ಚರ್ ಮೀಟರ್ ಇಲ್ದೆ ದುಡ್ಡು ಕೊಡ್ಬೇಡಿ. ಒಳನಾಡಿನ ಮನೆಗೆ 10ರಿಂದ 12 ಪರ್ಸೆಂಟ್, ಕರಾವಳಿಗೆ 12ರಿಂದ 14 ತೋರಿಸ್ಬೇಕು, 18-20 ತೋರಿಸಿದ್ರೆ ಅದಿನ್ನೂ ಹಸಿ, ನಿಮ್ಮ ಮನೆಗೆ ಬಂದು ಕುಗ್ಗತ್ತೆ. ಆರಿಂಚು ಅಗಲದ ಹಲಗೆ ನೋಡೋಕೆ ಚಂದ, ಆದ್ರೆ ಅಗಲ ಜಾಸ್ತಿ ಆದಷ್ಟೂ ಬಾಗೋದು ಜಾಸ್ತಿ, ಮೂರು-ನಾಲ್ಕು ಇಂಚಲ್ಲಿ ನಿಲ್ಲಿಸಿ. ಹಳೇ ಮನೆ ಕೆಡವಿದ ಮರ ಸಿಕ್ಕಿದ್ರೆ ಬಿಡ್ಬೇಡಿ, ದಶಕಗಟ್ಟಲೆ ಒಣಗಿದ ತೊಲೆ ಸೀಳಿಸಿದ್ರೆ ಅದರ ಗುಣಕ್ಕೆ ಇವತ್ತಿನ ಮರ ಸಾಟಿ ಆಗಲ್ಲ, ಕೊಯ್ಯೋ ಮುಂಚೆ ಮುರಿದ ಮೊಳೆ ಒಳಗಿದ್ಯಾ ನೋಡ್ಸಿ ಅಷ್ಟೇ.

ಎಂಜಿನಿಯರ್ಡ್ ವುಡ್. ಮೇಲೆ ನಿಜವಾದ ಮರದ ಪದರ, ಕೆಳಗೆ ಅಡ್ಡಡ್ಡ ಉದ್ದುದ್ದ ಅಂಟಿಸಿದ ಪ್ಲೈ. ಪದರಗಳು ಒಂದನ್ನೊಂದು ಹಿಡ್ಕೊಳ್ಳೋದ್ರಿಂದ ಗಟ್ಟಿ ಮರಕ್ಕಿಂತ ತುಂಬಾ ಕಮ್ಮಿ ಅಲ್ಲಾಡತ್ತೆ, ನಿಜವಾದ ಮರವೇ ಬೇಕು ಅನ್ನೋ ಬೆಂಗಳೂರು-ಮೈಸೂರಿನವರಿಗೆ ನನ್ನ ಮೊದಲ ಸಲಹೆ ಇದೇ. ನೋಡ್ಬೇಕಾದ್ದು ಎರಡು. ಮೇಲಿನ ಮರದ ಪದರ ಎಷ್ಟು ದಪ್ಪ? ಅರ್ಧ-ಮುಕ್ಕಾಲು ಎಂಎಂ ಇದ್ರೆ ಮುಂದೆ ಪಾಲಿಶ್ ಹೊಡೆಸೋಕೆ ಆಗಲ್ಲ, ಉಜ್ಜಿದ್ರೆ ಪ್ಲೈ ಕಾಣತ್ತೆ, 2 ಎಂಎಂ ಮೇಲಿದ್ರೆ ಒಂದ್ಸಲನಾದ್ರೂ ಉಜ್ಜಿ ಹೊಸದು ಮಾಡ್ಬಹುದು, 4 ಇದ್ರೆ ಹಲವು ಸಲ. ಇನ್ನೊಂದು ಒಳಗಿನದ್ದು ಪ್ಲೈನಾ, ಮರದ ನಾರು ಒತ್ತಿ ಮಾಡಿದ ಎಚ್‌ಡಿಎಫ್‌ನಾ? ನಮ್ಮ ಹವಾಮಾನಕ್ಕೆ ವಾಟರ್‌ಪ್ರೂಫ್ ಅಂಟಿನ ಪ್ಲೈ ಇರೋದೇ ತಗೊಳ್ಳಿ. ರಬ್ಬರ್ ಮರದ್ದು ಅಂದ್ರೆ ಬೋರಾನ್ ಟ್ರೀಟ್ಮೆಂಟ್ ಆಗಿದ್ಯಾ ಕೇಳಿ, ಆಗಿಲ್ಲ ಅಂದ್ರೆ ಪುಡಿ ಉದುರಿಸೋ ಹುಳ ಬರೋದು ಹೆಚ್ಚು.

ಲ್ಯಾಮಿನೇಟ್. ಫ್ಲಾಟುಗಳಲ್ಲಿ ಕಮ್ಮಿ ಬಜೆಟ್ಟಿಗೆ ಹಾಕೋದು ಹೆಚ್ಚಾಗಿ ಇದೇ. ಮೇಲೆ ಮರದ ಫೋಟೋ ಪ್ರಿಂಟ್ ಆದ ಕಾಗದ, ಅದರ ಮೇಲೆ ಗಟ್ಟಿ ಪಾರದರ್ಶಕ ಪದರ, ಒಳಗೆ ಎಚ್‌ಡಿಎಫ್. 8 ಎಂಎಂ, 12 ಎಂಎಂ ಅಂತ ಬರತ್ತೆ. ಎಸಿ3, ಎಸಿ4 ಅಂತ ಬರೆದಿರೋದು ಸವೆತಕ್ಕೆ ಎಷ್ಟು ತಡಿಯತ್ತೆ ಅನ್ನೋ ನಂಬರ್, ಬೆಡ್ರೂಮಿಗೆ ಎಸಿ3 ಸಾಕು, ಹಾಲಿಗೆ ಎಸಿ4 ಇರ್ಲಿ. ಆದ್ರೆ ದಯವಿಟ್ಟು ಗಮನಿಸಿ, ಆ ನಂಬರಿಗೂ ನೀರಿಗೂ ಸಂಬಂಧನೇ ಇಲ್ಲ. ಎಸಿ5 ಇದ್ರೂ ಜಾಯಿಂಟಲ್ಲಿ ನೀರು ಕೂತ್ರೆ ಅಂಚು ಉಬ್ಬತ್ತೆ, ಒಂದ್ಸಲ ಉಬ್ಬಿದ ಅಂಚು ಒಣಗಿದ್ಮೇಲೂ ಕೂರಲ್ಲ. ನೀರಿನ ವಿಚಾರಕ್ಕೆ ಕಂಪನಿ ಡೇಟಾ ಶೀಟಲ್ಲಿ ಥಿಕ್ನೆಸ್ ಸ್ವೆಲ್ಲಿಂಗ್ ಅಂತ ಒಂದು ಸಾಲು ಇರತ್ತೆ, ಆ ಪರ್ಸೆಂಟೇಜ್ ಕಮ್ಮಿ ಇದ್ದಷ್ಟೂ ಒಳ್ಳೇದು. ಇ1 ಅಥವಾ ಇ0 ಗ್ರೇಡ್ ಅಂತಿದ್ಯಾ ನೋಡಿ, ಅದು ಅಂಟಿನಿಂದ ಹೊರಬರೋ ಫಾರ್ಮಾಲ್ಡಿಹೈಡ್ ಮಿತಿ, ಕಿಟಕಿ ಮುಚ್ಚಿ ಎಸಿ ಹಾಕಿ ಮಕ್ಕಳು ಮಲಗೋ ರೂಮಿಗೆ ಇದರಲ್ಲಿ ರಾಜಿ ಬೇಡ. ಕರಾವಳಿಯಲ್ಲಿ, ಗ್ರೌಂಡ್ ಫ್ಲೋರಲ್ಲಿ ಲ್ಯಾಮಿನೇಟ್ ಬೇಡ ಅಂತಲೇ ಹೇಳ್ತೀನಿ.

ಎಸ್‌ಪಿಸಿ. ಸುಣ್ಣದ ಕಲ್ಲಿನ ಪುಡಿ ಮತ್ತೆ ಪಿವಿಸಿ ಸೇರಿಸಿ ಮಾಡಿದ ಹಲಗೆ, 4ರಿಂದ 6 ಎಂಎಂ ದಪ್ಪ, ಕ್ಲಿಕ್ ಮಾಡಿ ಜೋಡಿಸೋದು. ಇದರ ಒಳಗೆ ನೀರು ಹೋದ್ರೆ ಏನೂ ಆಗಲ್ಲ, ಗೆದ್ದಲು ತಿನ್ನಲ್ಲ, ಕರಾವಳಿ ಫ್ಲಾಟುಗಳಿಗೆ, ಬಾಡಿಗೆಗೆ ಕೊಡೋ ಮನೆಗೆ, ನಾಯಿ ಸಾಕಿರೋರಿಗೆ ಲ್ಯಾಮಿನೇಟಿಗಿಂತ ಇದು ಎಷ್ಟೋ ವಾಸಿ. ಹಲಗೆ ದಪ್ಪಕ್ಕಿಂತ ಮೇಲಿನ ವೇರ್ ಲೇಯರ್, ಅಂದ್ರೆ ಸವೆತ ತಡೆಯೋ ಪದರ, ಎಷ್ಟು ಅಂತ ಕೇಳಿ, 0.3 ಎಂಎಂ ಬೆಡ್ರೂಮಿಗೆ ಆಗತ್ತೆ, ಹಾಲಿಗೆ 0.5. ಇದರ ಶತ್ರು ನೀರಲ್ಲ, ಬಿಸಿಲು. ಪಿವಿಸಿ ಬಿಸಿಗೆ ಹಿಗ್ಗತ್ತೆ, ಪಶ್ಚಿಮಕ್ಕೆ ದೊಡ್ಡ ಗಾಜಿನ ಬಾಗಿಲಿದ್ದು ಸಂಜೆ ತನಕ ಬಿಸಿಲು ನೆಲಕ್ಕೇ ಬೀಳ್ತಿದ್ರೆ ಆ ಪಟ್ಟೆ ಮಾತ್ರ ಹಿಗ್ಗಿ ಜಾಯಿಂಟ್ ಎದ್ದೇಳತ್ತೆ, ಕೆಲವು ಸಲ ಲಾಕ್ ಒಡೆದೇ ಹೋಗತ್ತೆ. ದಪ್ಪ ಕರ್ಟನ್ ಹಾಕೋಕೆ ಆಗಲ್ಲ ಅಂದ್ರೆ ಆ ರೂಮಿಗೆ ಟೈಲ್ಸ್ ಹಾಕ್ಸಿ. ಇನ್ನೊಂದು, ಹಲಗೆ ಕೆಡದಿದ್ರೂ ಅದರ ಅಡಿಯಲ್ಲಿ ನೀರು ನಿಂತ್ರೆ ಬೂಷ್ಟು ಬರತ್ತೆ, ವಾಸನೆ ಬರತ್ತೆ, ವಾಟರ್‌ಪ್ರೂಫ್ ಅಂತ ನೆಲ ತೊಳೆಯೋಕೆ ಹೋಗ್ಬೇಡಿ.

ಮರದ ಡಿಸೈನಿನ ವಿಟ್ರಿಫೈಡ್ ಟೈಲ್ಸ್. ಗುಜರಾತಿನ ಮೋರ್ಬಿಯಿಂದ ನಮ್ಮ ಕಡೆ ರಾಶಿ ರಾಶಿ ಬರತ್ತೆ, 200×1200 ಎಂಎಂ ಉದ್ದನೆ ಪಟ್ಟಿ ಸೈಜ್ ಈಗ ಎಲ್ಲಾ ಕಡೆ ಸಿಗತ್ತೆ. ನೀರು ಹೀರೋದು ಅರ್ಧ ಪರ್ಸೆಂಟಿಗಿಂತ ಕಮ್ಮಿ. ಅರಿಶಿನ, ಎಣ್ಣೆ, ದೀಪದ ಮಸಿ, ಬೀರು ಎಳೆದದ್ದು, ಬಕೆಟ್ ನೀರು ಹಾಕಿ ಒರೆಸೋದು, ನಮ್ಮ ಮನೆಗಳಲ್ಲಿ ನೆಲ ಏನೇನು ಸಹಿಸ್ಕೋಬೇಕೋ ಎಲ್ಲಾ ಸಹಿಸತ್ತೆ, ಬೇಸಿಗೆಗೆ ತಣ್ಣಗೂ ಇರತ್ತೆ. ಮರದ ನೋಟ, ಕಲ್ಲಿನ ಗುಣ. ಕರಾವಳಿಯ ಯಾವುದೇ ರೂಮಿಗೆ, ಎಲ್ಲಾ ಊರಿನ ಅಡುಗೆ ಮನೆ, ದೇವರ ಮನೆ, ಊಟದ ಜಾಗ, ಗ್ರೌಂಡ್ ಫ್ಲೋರ್ ಹಾಲ್‌ಗೆ ನಾನು ಹೇಳೋದು ಇದನ್ನೇ, ಬೇರೆಯದನ್ನ ಹೇಳೋಕೆ ಮನಸ್ಸು ಬರಲ್ಲ. ಆರಿಸುವಾಗ ಒಂದು ಪೆಟ್ಟಿಗೆ ಬಿಚ್ಚಿಸಿ ನೆಲದ ಮೇಲೆ ಹರಡಿ ನೋಡಿ, ಒಂದೇ ಗಂಟಿನ ಗುರುತು ಎರಡು ಮೂರು ಟೈಲಲ್ಲಿ ಹಂಗೇ ಕಂಡ್ರೆ ಪ್ರಿಂಟ್ ವೆರೈಟಿ ಕಮ್ಮಿ ಅಂತ, ರೂಮ್ ತುಂಬಾ ಹಾಕಿದ್ಮೇಲೆ ಅದು ಕಣ್ಣಿಗೆ ಹೊಡೆಯತ್ತೆ. ಗ್ಲಾಸಿ ಬೇಡ, ಮ್ಯಾಟ್ ತಗೊಳ್ಳಿ, ಹೊಳೆಯೋ ಮರ ನಕಲಿ ಥರನೇ ಕಾಣತ್ತೆ, ಒದ್ದೆ ಕಾಲಿಗೆ ಜಾರತ್ತೆ ಬೇರೆ. ಸಿಟೌಟಿಗೆ, ಬಾಲ್ಕನಿಗೆ ಆರ್10 ಅಥವಾ ಆರ್11 ಅಂತ ಬರೆದ ಒರಟು ಟೈಲ್ಸ್ ಕೇಳಿ.

ಬಿದಿರಿನ ಹಲಗೆಯೂ ಇದೆ, ನಾರು ಒತ್ತಿ ಮಾಡಿದ ಸ್ಟ್ರ್ಯಾಂಡ್ ವೋವನ್ ಅನ್ನೋದು ಗಟ್ಟಿ, ಆದ್ರೆ ತೇವಕ್ಕೆ ಮರದ ಹಾಗೇ ಅಲ್ಲಾಡತ್ತೆ, ಹಾಗಾಗಿ ಮರದ ನಿಯಮವೇ ಅದಕ್ಕೂ.

ಹೆಜ್ಜೆ 5: ಸ್ಯಾಂಪಲ್ ಮನೆಗೆ ತಂದು ಹಿಂಸೆ ಕೊಡಿ

ಎರಡು ಮೂರು ತುಂಡು ಕೇಳಿ ತಗೊಂಬನ್ನಿ, ಕೊಡಲ್ಲ ಅನ್ನೋ ಅಂಗಡಿಯಲ್ಲಿ ತಗೊಳ್ಳೋದೇ ಬೇಡ. ಒಂದು ತುಂಡನ್ನ ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಮೊದಲೇ ದಪ್ಪ ಅಳೆದಿಟ್ಕೊಂಡು ಆಮೇಲೆ ಮತ್ತೆ ಅಳೀರಿ, ಅಂಚು ಮುಟ್ಟಿ ನೋಡಿ. ಇನ್ನೊಂದರ ಮೇಲೆ ಅರಿಶಿನ ಕಲಸಿದ ಎಣ್ಣೆ, ಕುಂಕುಮ, ಸಾಂಬಾರ್ ಹಾಕಿ ರಾತ್ರಿ ಬಿಟ್ಟು ಬೆಳಗ್ಗೆ ಒರೆಸಿ. ಬೀಗದಕೈಯಿಂದ ಗೀಚಿ. ಒಂದನ್ನ ಅರ್ಧ ಮುಚ್ಚಿ ಕಿಟಕಿ ಬಿಸಿಲಿಗೆ ಕೆಲವು ವಾರ ಇಟ್ರೆ ಕಲರ್ ಎಷ್ಟು ಹೋಗತ್ತೆ ಗೊತ್ತಾಗತ್ತೆ. ತೇಗ ಆದ್ರೆ ಹೋಗಲ್ಲ, ಶುರುವಲ್ಲಿ ಮಚ್ಚೆ ಮಚ್ಚೆ ಇದ್ದು ಬೆಳಕಿಗೆ ಒಂದೇ ಸಮ ಕಂದು ಬಣ್ಣಕ್ಕೆ ತಿರುಗತ್ತೆ.

ಕಲರ್ ಈಗ ನೋಡಿ. ಶೋರೂಮ್ ಲೈಟಲ್ಲಿ ಅಲ್ಲ, ನಿಮ್ಮ ರೂಮಲ್ಲಿ ಬೆಳಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ. ಕಡು ಕಾಫಿ ಬಣ್ಣದ ನೆಲದಲ್ಲಿ ಪ್ರತಿ ಹೆಜ್ಜೆ, ಪ್ರತಿ ಧೂಳಿನ ಕಣ ಕಾಣತ್ತೆ, ರಾಯಚೂರು ಬಳ್ಳಾರಿ ಧೂಳಿಗೆ ದಿನಕ್ಕೆ ಎರಡು ಸಲ ಗುಡಿಸಿದ್ರೂ ಸಾಲದು. ಮಧ್ಯಮ ಕಂದು, ಮ್ಯಾಟ್ ಫಿನಿಶ್ ನಮ್ಮ ಕೆಮ್ಮಣ್ಣಿಗೆ ಹೊಂದತ್ತೆ.

ಹೆಜ್ಜೆ 6: ರೇಟು ಕೇಳೋ ರೀತಿ

ಸಾಮಾನ್ಯವಾಗಿ ಟೈಲ್ಸ್ ಮತ್ತೆ 8 ಎಂಎಂ ಲ್ಯಾಮಿನೇಟ್ ಅಗ್ಗದ ಕಡೆ, ಎಸ್‌ಪಿಸಿ ನಡುವೆ, ಎಂಜಿನಿಯರ್ಡ್ ವುಡ್ ದುಬಾರಿ, ಒಳ್ಳೆ ತೇಗ ಅದಕ್ಕಿಂತ ಮೇಲೆ. ಆದ್ರೆ ಹಲಗೆ ರೇಟು ಮಾತ್ರ ಹೋಲಿಸಿದ್ರೆ ಲೆಕ್ಕ ತಪ್ಪತ್ತೆ. ಹಲಗೆಯಡಿ ಹಾಸೋ ಫೋಮ್, ಪ್ಲಾಸ್ಟಿಕ್ ಶೀಟ್, ಗೋಡೆ ಬುಡದ ಸ್ಕರ್ಟಿಂಗ್, ಬಾಗಿಲ ಹತ್ರ ಸಂದು ಮುಚ್ಚೋ ಟಿ-ಪ್ರೊಫೈಲ್ ಪಟ್ಟಿ, ಮೆಟ್ಟಿಲ ಮೂಗು ಪಟ್ಟಿ, ನೆಲ ಲೆವೆಲ್ ಮಾಡೋ ಖರ್ಚು, ಬಾಗಿಲು ಕೆಳಗೆ ಕತ್ತರಿಸೋ ಕೂಲಿ, ವೇಸ್ಟೇಜ್ ಅಂತ 8ರಿಂದ 10 ಪರ್ಸೆಂಟ್, ಜಿಎಸ್‌ಟಿ, ಇಷ್ಟೂ ಸೇರಿಸಿ ಬರೆದುಕೊಡಿ ಅಂತ ಕೇಳಿ, ಇಬ್ಬರು ಮೂವರ ಹತ್ರ. ವಾರಂಟಿ ಕಾಗದ ಕೂತು ಓದಿ. 15 ವರ್ಷ ಅಂತ ದೊಡ್ಡದಾಗಿ ಇರತ್ತೆ, ಕೆಳಗೆ ಸಣ್ಣ ಅಕ್ಷರದಲ್ಲಿ ಒದ್ದೆ ಮಾಪ್, ನೇರ ಬಿಸಿಲು, ನೆಲದ ಪಸೆ, ಗೆದ್ದಲು ಇವು ಯಾವುದಕ್ಕೂ ಅನ್ವಯಿಸಲ್ಲ ಅಂತ ಇದ್ರೆ ನಮ್ಮ ಊರುಗಳಲ್ಲಿ ಆ ವಾರಂಟಿಯಿಂದ ಸಿಗೋದು ಕಮ್ಮಿ.

ಹೆಜ್ಜೆ 7: ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ

ಎಲ್ಲಾ ಒದ್ದೆ ಕೆಲಸ, ಅಂದ್ರೆ ಪೇಂಟು, ಪುಟ್ಟಿ, ಬಾತ್ರೂಮ್ ಟೈಲ್ಸು, ಎಸಿ ಫಿಟ್ಟಿಂಗು ಮುಗಿದ್ಮೇಲೇ ಹಲಗೆ ಒಳಗೆ ಬರ್ಲಿ. ಬಂದ ಪೆಟ್ಟಿಗೆಗಳನ್ನ ಹಾಕೋ ರೂಮಲ್ಲೇ ನೆಲಕ್ಕೆ ಮಲಗಿಸಿ ಕನಿಷ್ಠ 48 ಗಂಟೆ ಬಿಡಿ, ಗಟ್ಟಿ ಮರ ಆದ್ರೆ ಬಿಚ್ಚಿ ಗಾಳಿ ಆಡೋ ಹಾಗೆ ಜೋಡಿಸಿ ಒಂದೆರಡು ವಾರ. ಗಟ್ಟಿ ಮರವನ್ನ ಜುಲೈ ಮಳೆಯಲ್ಲೂ ಹಾಕಿಸ್ಬೇಡಿ, ಮೇ ತಿಂಗಳ ಒಣ ಬಿಸಿಲಲ್ಲೂ ಹಾಕಿಸ್ಬೇಡಿ. ಮಳೆ ನಿಂತು ನವೆಂಬರ್ ಹೊತ್ತಿಗೆ ಹಾಕಿಸಿದ್ರೆ ಹಲಗೆಯ ತೇವ ಅತಿ ಜಾಸ್ತಿಯೂ ಇರಲ್ಲ, ಅತಿ ಕಮ್ಮಿಯೂ ಇರಲ್ಲ, ನಡುವೆ ಇರತ್ತೆ.

ನೆಲ ಸಮ ಇದ್ಯಾ ನೋಡಿ. 2 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ರೆ ಅಡಿಯಲ್ಲಿ 3 ಎಂಎಂಗಿಂತ ಜಾಸ್ತಿ ಸಂದು ಇರ್ಬಾರ್ದು, ಇದ್ರೆ ಕ್ಲಿಕ್ ಜಾಯಿಂಟ್ ಓಡಾಡಿದಾಗೆಲ್ಲ ಬಗ್ಗಿ ಕಿರ್ ಅನ್ನತ್ತೆ, ಒಂದಿನ ಒಡೆಯತ್ತೆ. ಕಾಂಕ್ರೀಟ್ ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಶೀಟ್, ಒಂದರ ಮೇಲೊಂದು ಅರ್ಧ ಅಡಿ ಹತ್ತಿಸಿ ಟೇಪ್ ಹಾಕ್ಸಿ, ಗೋಡೆಗೆ ಸ್ವಲ್ಪ ಮೇಲೆ ಹೋಗ್ಲಿ. ಸುತ್ತ ಗೋಡೆಗೂ ಹಲಗೆಗೂ ನಡುವೆ 8ರಿಂದ 10 ಎಂಎಂ ಜಾಗ ಬಿಡ್ಲೇಬೇಕು, ಕಂಬ, ಪೈಪು, ಬಾಗಿಲ ಚೌಕಟ್ಟು ಎಲ್ಲದರ ಸುತ್ತಲೂ. ಕೆಲಸದವರು ನೀಟಾಗಿ ಕಾಣ್ಲಿ ಅಂತ ಗೋಡೆಗೆ ಒತ್ತಿ ಕೂರಿಸ್ತಾರೆ, ಇಲ್ಲಾ ಆ ಸಂದಿಗೆ ಸಿಮೆಂಟು ತುಂಬ್ತಾರೆ, ಬೇಡ ಅನ್ನಿ, ನೆಲಕ್ಕೆ ಹಿಗ್ಗೋಕೆ ಇರೋ ಜಾಗ ಅದೊಂದೇ. ಸ್ಕರ್ಟಿಂಗನ್ನ ಗೋಡೆಗೆ ಹೊಡೀಬೇಕು, ಹಲಗೆಗಲ್ಲ. ದೊಡ್ಡ ಹಾಲ್ ಆದ್ರೆ ನಡುವೆ, ಮತ್ತೆ ರೂಮಿಂದ ರೂಮಿಗೆ ಹೋಗೋ ಬಾಗಿಲಲ್ಲಿ, ಪ್ರೊಫೈಲ್ ಪಟ್ಟಿ ಹಾಕಿ ನೆಲ ಬೇರೆ ಮಾಡ್ಸಿ. ವಾರ್ಡ್ರೋಬ್, ಅಡುಗೆ ಮನೆ ಕ್ಯಾಬಿನೆಟ್ ಮೊದಲು ಕೂರ್ಲಿ, ನೆಲ ಅದರ ಮುಂದೆ ನಿಲ್ಲಲಿ, ತುಂಬಿದ ಉಕ್ಕಿನ ಬೀರು ಎರಡು ಕಡೆ ಒತ್ತಿ ಹಿಡಿದ್ರೆ ತೇಲೋ ನೆಲ, ಅಂದ್ರೆ ಕಾಂಕ್ರೀಟಿಗೆ ಅಂಟಿಸದೆ ಹಾಸಿದ ನೆಲ, ನಡುವೆ ಎದ್ದೇಳತ್ತೆ.

ಟೈಲ್ಸ್ ಆದ್ರೆ ತೊಂದರೆ ಬೇರೆ. ಉದ್ದನೆ ಟೈಲ್ ಬೇಯುವಾಗ ನಡುವೆ ಕೂದಲೆಳೆಯಷ್ಟು ಬಾಗಿರತ್ತೆ, ಇಟ್ಟಿಗೆ ಥರ ಅರ್ಧಕ್ಕೆ ಅರ್ಧ ಜೋಡಿಸಿದ್ರೆ ಒಂದರ ಉಬ್ಬು ಪಕ್ಕದ್ದರ ತಗ್ಗು ಸೇರಿ ಅಂಚು ಕಾಲಿಗೆ ತಾಗತ್ತೆ. ಮೂರನೇ ಒಂದು ಭಾಗಕ್ಕೆ ಜೋಡಿಸಿ ಅಂತ ಮೇಸ್ತ್ರಿಗೆ ಮೊದಲೇ ಹೇಳಿ, 2 ಎಂಎಂ ಸ್ಪೇಸರ್, ಲೆವೆಲಿಂಗ್ ಕ್ಲಿಪ್ ಕೊಡಿ, ಗ್ರೌಟ್ ಕಲರ್ ಟೈಲಿಗಿಂತ ಸ್ವಲ್ಪ ಕಡು ಇದ್ರೆ ಗೆರೆ ಎದ್ದು ಕಾಣಲ್ಲ. ಸಿಮೆಂಟ್ ಹಾಲು ಹಾಕಿ ಕೂರಿಸೋದು ವಿಟ್ರಿಫೈಡಿಗೆ ಸರಿಯಲ್ಲ, ಅದು ನೀರೇ ಹೀರಲ್ಲ ಅಂದ್ಮೇಲೆ ಸಿಮೆಂಟ್ ಹೆಂಗೆ ಹಿಡಿಯತ್ತೆ, ಐಎಸ್ 15477ರ ಟೈಪ್ 2 ಅಥವಾ ಮೇಲಿನ ಟೈಲ್ ಅಂಟು ತರಿಸಿ, ಟೈಲ್ ಪೂರ್ತಿ ಹಿಂಭಾಗಕ್ಕೆ ಹಚ್ಚಿಸಿ. ಕೂರಿಸಿದ ಮರುದಿನ ಬೆರಳ ಗಿಣ್ಣಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನ ಆಗಲೇ ತೆಗೆಸಿ ಹಾಕ್ಸಿ.

ಹೆಜ್ಜೆ 8: ಆಮೇಲಿನ ದಿನಗಳು

ಟೈಲ್ಸ್ ಬಿಟ್ಟು ಉಳಿದ ಯಾವುದಕ್ಕೂ ಬಕೆಟ್ ನೀರು ಬೇಡ, ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು. ಮನೆ ಕೆಲಸಕ್ಕೆ ಬರೋ ಅಕ್ಕನಿಗೆ ಇದನ್ನ ಮೊದಲ ದಿನವೇ ತೋರಿಸಿ ಹೇಳಿಕೊಡಿ, ಬೇರೆ ಮಾಪ್ ತೆಗೆದುಕೊಡಿ. ಫಿನಾಯಿಲ್, ಆಸಿಡ್ ಬೇಡ. ಮರಳು, ಮಣ್ಣು ಕಾಲಲ್ಲಿ ಬಂದು ಉಜ್ಜೋದ್ರಿಂದಲೇ ನೆಲ ಸವೆಯೋದು, ಬಾಗಿಲ ಹೊರಗೊಂದು ಒಳಗೊಂದು ಮ್ಯಾಟ್ ಹಾಕಿ, ಸಮುದ್ರದ ಹತ್ರದ ಮನೆಗಂತೂ ಮರೀಬೇಡಿ. ಕುರ್ಚಿ ಮೇಜಿನ ಕಾಲಿಗೆ ಫೆಲ್ಟ್ ಅಂಟಿಸಿ. ಮನೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗೋರು, ಕರಾವಳಿಯಲ್ಲಿ ಮನೆ ಇಟ್ಟು ಮುಂಬೈಯಲ್ಲೋ ಗಲ್ಫಲ್ಲೋ ಇರೋರು, ಮಳೆಗಾಲದಲ್ಲಿ ಯಾರಾದ್ರೂ ಬಂದು ಕಿಟಕಿ ತೆಗೆದು ಫ್ಯಾನ್ ಹಾಕೋ ವ್ಯವಸ್ಥೆ ಮಾಡಿ, ಅದು ಆಗಲ್ಲ ಅಂದ್ರೆ ಟೈಲ್ಸೇ ಹಾಕಿಸ್ಕೊಳ್ಳಿ.

ತೇಗಕ್ಕೆ ಎಣ್ಣೆ ಫಿನಿಶ್ ಮಾಡ್ಸಿದ್ರೆ ಗೀರು ಬಿದ್ದ ಜಾಗಕ್ಕೆ ಮಾತ್ರ ಉಜ್ಜಿ ಎಣ್ಣೆ ಹಚ್ಚಬಹುದು, ಪಾಲಿಯುರೇಥೇನ್ ಆದ್ರೆ ಹೊಳಪು ಜಾಸ್ತಿ ದಿನ ಬರತ್ತೆ, ಆದ್ರೆ ಹಾಳಾದಾಗ ರೂಮ್ ಪೂರ್ತಿ ಉಜ್ಜಿಸ್ಬೇಕು. ನನ್ನ ಒಲವು ಎಣ್ಣೆ ಕಡೆಗೆ.

ನೀರು ಚೆಲ್ಲಿದ್ರೆ ಆಗಲೇ ಒರೆಸಿ. ಪೈಪ್ ಒಡೆದು ರೂಮ್ ತುಂಬಿದ್ರೆ ಮೇಲಿಂದ ಒರೆಸಿ ಸುಮ್ಮನಿರ್ಬೇಡಿ, ಸ್ಕರ್ಟಿಂಗ್ ಬಿಚ್ಚಿ, ಗೋಡೆ ಪಕ್ಕದ ಸಾಲುಗಳನ್ನ ತೆಗೆದು ಅಡಿಯ ಫೋಮ್ ಹೊರಗೆ ಹಾಕಿ, ಕಾಂಕ್ರೀಟ್ ಪೂರ್ತಿ ಒಣಗಿದ್ಮೇಲೆ, ಅದೇ ಪ್ಲಾಸ್ಟಿಕ್ ಶೀಟ್ ಪರೀಕ್ಷೆ ಮಾಡಿ ವಾಪಸ್ ಜೋಡಿಸಿ. ಎಸ್‌ಪಿಸಿ ಆದ್ರೆ ಅದೇ ಹಲಗೆ ಮತ್ತೆ ಕೂರತ್ತೆ, ಲ್ಯಾಮಿನೇಟ್ ಆದ್ರೆ ಉಬ್ಬಿದ್ದನ್ನ ಬದಲಾಯಿಸ್ಬೇಕು. ಇದಕ್ಕೇ ಕೊಳ್ಳುವಾಗ ಒಂದೆರಡು ಪೆಟ್ಟಿಗೆ ಜಾಸ್ತಿ ತಗೊಂಡು, ಪೆಟ್ಟಿಗೆ ಮೇಲಿನ ಬ್ಯಾಚ್ ನಂಬರ್ ಫೋಟೋ ತೆಗೆದು, ಅಟ್ಟದ ಮೇಲೆ ಒಣ ಜಾಗದಲ್ಲಿ ಮಲಗಿಸಿ ಇಟ್ಟಿರಿ, ಟೈಲ್ಸಿಗೂ ಅಷ್ಟೇ, ಮುಂದಿನ ಲಾಟಲ್ಲಿ ಅದೇ ಹೆಸರಿದ್ರೂ ಶೇಡ್ ಬೇರೆ ಬರತ್ತೆ.